ಜೋಡಿ ಬಂದರೆ ಇಡಬೇಕೋ, ಒಗೆಯಬೇಕೋ?

ಇಸ್ಪೀಟಿನ ಮೂರೆಲೆ ಆಟದವರ ಪಕ್ಕದಲ್ಲಿ ಕೂತವನಿಗೆ ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ನಾನಂತೂ ಹಣೆಗೆ ವಿಭೂತಿ ಹಚ್ಚಿಕೊಂಡು, ರೈಲಿನ ಕಿಟಕಿಯ ಕಡೆ ಮುಖ ತಿರುಗಿಸಿ ಕೂತರೂ ಅವು ನನ್ನ ಉಡಿಗೇ ಬಂದು ಬೀಳುತ್ತಿದ್ದವು.

ಆಗ ನಾನು ಸೇಡಂನ ಸರ್ವೇ ಕಚೇರಿಯಲ್ಲಿ ಗುಮಾಸ್ತ. ಮನೆ ವಾಡಿಯಲ್ಲಿ. ಮುಂಜಾನೆ ಪ್ಯಾಸೆಂಜರ್ ಗಾಡಿ ಹತ್ತಿ, ಚಿತ್ತಾಪುರದಲ್ಲಿ ಚಹಾ ಕುಡಿದು, ಸೇಡಂನಲ್ಲಿ ಇಳಿಯುವುದು. ಸಂಜೆ ಅದೇ ದಾರಿಯಲ್ಲಿ ಹಿಂದಕ್ಕೆ. ಜೊತೆಗೆ ಇಬ್ಬರು. ಒಬ್ಬರು ಸೇಡಂ ದವಾಖಾನೆಯ ಕಂಪೌಂಡರ್. ಇನ್ನೊಬ್ಬ ನಮ್ಮ ಕಚೇರಿಯ ಜೂನಿಯರ್ ಗುಮಾಸ್ತ. ವಯಸ್ಸು ಸಣ್ಣದು, ಬಾಯಿ ದೊಡ್ಡದು. ನನ್ನ ವಿಭೂತಿ ನೋಡಿ ಇಬ್ಬರೂ ನನ್ನನ್ನು ‘ಶರಣ್ರು’ ಎಂದು ಕರೆಯುತ್ತಿದ್ದರು.

ಆ ವರ್ಷ ನಾನು ಮನೆ ಕಟ್ಟಿಸುತ್ತಿದ್ದೆ. ಗೋಡೆಗಳು ಎದ್ದಿದ್ದವು, ಮೇಲಿನ ಛಾವಣಿ, ಅಂದರೆ ಛತ್ತು, ಆಗಿರಲಿಲ್ಲ. ಛತ್ತಿಗೆಂದು ಶಹಾಬಾದಿನಿಂದ ಬಂದ ಫರ್ಸಿ ಹಾಸುಗಲ್ಲುಗಳು ಅಂಗಳದಲ್ಲಿ ಒರಗಿ ನಿಂತಿದ್ದವು. ಮನೆ ಕಟ್ಟುವ ನಮ್ಮ ಗೌಂಡಿ ನಾನು ಎದುರಿಗಿದ್ದರೆ ಕಲ್ಲು ಎತ್ತುತ್ತಿದ್ದ. ನಾನು ಮರೆಯಾದರೆ ಬೀಡಿ ಎತ್ತುತ್ತಿದ್ದ. ನಾವಿದ್ದ ಬಾಡಿಗೆ ಮನೆಯ ಮಾಲಕರು ಶ್ರಾವಣದೊಳಗೆ ಖಾಲಿ ಮಾಡಿರೆಂದು ಹೇಳಿಯಾಗಿತ್ತು. ಇಂಥ ಹೊತ್ತಿನಲ್ಲಿ ಕಚೇರಿಯಲ್ಲಿ ಸುದ್ದಿ ಹಬ್ಬಿತು: ಚಿಂಚೋಳಿ ತಾಲೂಕಿನ ಚಂದ್ರಂಪಳ್ಳಿಯಲ್ಲಿ, ಕೆರೆಯ ಸುತ್ತಿನ ಜಮೀನು ಅಳೆಯಲು ಸಾಹೇಬರು ಕ್ಯಾಂಪ್ ಹೋಗುತ್ತಾರೆ. ತಿಂಗಳುಗಟ್ಟಲೆ ಅಲ್ಲೇ ಇರಬೇಕು, ಜೊತೆಗೊಬ್ಬ ಗುಮಾಸ್ತ ಬೇಕು. ಇದ್ದವರು ಇಬ್ಬರೇ. ಜೂನಿಯರ್, ಇಲ್ಲವೇ ನಾನು.

ಮನೆಯವಳು ಸುದ್ದಿ ಕೇಳಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ನೀವು ಹೋದ್ರಿ ಅಂದ್ರ ಛತ್ತು ಆದಂಗೇ ಬಿಡ್ರಿ. ನಾ ಛತ್ರಿ ಹಿಡ್ಕೊಂಡು ಅಡಗಿ ಮಾಡ್ತೀನಿ. ದೇವರ ಜಗಲಿಗೂ ಒಂದು ಸಣ್ಣ ಛತ್ರಿ ತಂದು ಹೋಗ್ರಿ.”

೧. ಮುಂಗಡ ಕೈಮುಗಿತ

ರೊಕ್ಕ ಇಟ್ಟು ಆಡುವುದು ನನ್ನಿಂದಾಗದು ಎಂದು ಮೊದಲೇ ಹೇಳಿದ್ದೆ. ಕಂಪೌಂಡರು ಮರುದಿನ ಔಷಧದ ಖಾಲಿ ಬಾಟಲಿಯಲ್ಲಿ ಹುಣಸೆಬೀಜ ತುಂಬಿಕೊಂಡು ಬಂದರು. “ಇದಕ್ಕ ಪಾಪ ಹತ್ತಂಗಿಲ್ರಿ, ಶರಣ್ರ. ಬೇಕಂದ್ರ ತೊಳದು ತಂದೀನಿ” ಎಂದರು. ಮೊಣಕಾಲುಗಳ ಮೇಲೆ ಟವೆಲ್ ಹಾಸಿ ಆಟ ಹೇಳಿಕೊಟ್ಟರು.

“ಒಬ್ಬೊಬ್ಬರಿಗಿ ಮೂರು ಎಲಿ. ಮೂರೂ ಒಂದೇ ಬಂದ್ರ ಎಲ್ಲಾಕ್ಕಿಂತ ದೊಡ್ಡದು. ಸಾಲಾಗಿ ಬಂದ್ರ, ಒಂದೇ ಬಣ್ಣ ಬಂದ್ರ, ಅವೂ ದೊಡ್ಡವೇ. ಅವುಗಳ ಕೆಳಗ ಜೋಡಿ, ಅಂದ್ರ ಎರಡು ಎಲಿ ಒಂದೇ ಥರ. ಆಡೋರು ಬೀಜ ಇಟ್ಕೋತ ಹೋಗಬೇಕು, ಧೈರ್ಯ ಇಲ್ಲದವರು ಎಲಿ ಕೆಳಗ ಒಗದು ಸುಮ್ನ ಕುಂದ್ರಬೇಕು. ಕಡೀಕ ಉಳದವರು ಎಲಿ ತೋರಸಬೇಕು, ದೊಡ್ಡದು ಇದ್ದವ ಬೀಜ ಬಾಚ್ಕೋಬೇಕು. ತಕರಾರು ಇರೋದೆಲ್ಲ ಈ ಜೋಡಿದೇ. ಏನೂ ಇಲ್ಲದವನ ಮುಂದ ಅದು ದೊಡ್ಡದು, ಏನರೆ ಇದ್ದವನ ಮುಂದ ಸಣ್ಣದು.”

“ಅಂದ್ರ ನಮ್ಮ ಗುಮಾಸ್ತರ ನೌಕರಿ ಹಾಂಗ” ಎಂದೆ.

ಮೊದಲ ದಿನವೇ ನನಗೆ ಇಬ್ಬರು ರಾಜರು ಬಂದರು. ಈ ಸಲ ಇಬ್ಬರಿಗೂ ನೀರು ಕುಡಿಸುತ್ತೇನೆ ಎಂದುಕೊಂಡು ಗಂಭೀರವಾಗಿ ಒಂದು ಬೀಜ ಇಟ್ಟೆ. ಇಬ್ಬರೂ ಎಲೆ ಒಗೆದುಬಿಟ್ಟರು. ಎರಡನೆಯ ಸಲ ಎಕ್ಕಾಗಳ ಜೋಡಿ ಬಂತು, ಮತ್ತೆ ಒಗೆದರು. ನನಗೆ ಸಿಟ್ಟೇ ಬಂತು.

“ಯಾಕ್ರಿ, ನನ್ನ ಕೂಡ ಆಡಬಾರದಂತ ಮಾತಾಡ್ಕೊಂಡೀರೇನು?”

ಜೂನಿಯರ್ ನಕ್ಕ. “ಶರಣ್ರ, ಎಲಿ ನೋಡಿದ ಕೂಡ್ಲೇ ನೀವು ಕಣ್ಣು ಮುಚ್ಚಿ ಕೈ ಮುಗೀಲಿಕತ್ತೀರಿ. ಕೈ ಮುಗಿಯೋವಂಥಾ ಎಲಿ ಬಂದವರ ಎದುರು ನಾವ್ಯಾಕ ಕುಂದ್ರಬೇಕು?”

ಅಂದಿನಿಂದ ನಾನು ಮನೆಯಲ್ಲಿ ಪೂಜೆ ಮುಗಿಸಿ ಏಳುವಾಗಲೇ ದಿನದ ಎಲ್ಲ ಎಲೆಗಳಿಗೂ ಸೇರಿಸಿ ಮುಂಗಡ ಕೈಮುಗಿದು ಬರತೊಡಗಿದೆ.

೨. ಒಂಬತ್ತರ ಜ್ವರ

ದೊಡ್ಡ ಜೋಡಿ ಬಂದರೆ ಮನುಷ್ಯ ಆಡುತ್ತಾನೆ, ಸಣ್ಣದು ಬಂದರೆ ಒಗೆಯುತ್ತಾನೆ. ನಡುವಿನದು ಬಂದರೆ ಏನು ಮಾಡಬೇಕು? ಕಂಪೌಂಡರ ಬಳಿ ಇದಕ್ಕೂ ಮದ್ದಿತ್ತು.

“ನಡುವಿನ ಜೋಡಿ ಅಂದ್ರ ಜ್ವರ ಇದ್ದಾಂಗ್ರಿ. ಮೊದ್ಲ ಸುಮ್ನ ನೋಡಬೇಕು. ಎದುರಿನವ ಬೀಜ ಏರಿಸಿದ್ರ ಜ್ವರ ಏರ್ಲಿಕತ್ತದ ಅಂತ ತಿಳೀಬೇಕು. ಇಳೀಲಿಲ್ಲ ಅಂದ್ರ ಒಗದು ಹಾಸಿಗಿ ಹಿಡೀಬೇಕು.”

“ಇಳೀತದೋ ಏರ್ತದೋ ಅಂತ ಹ್ಯಾಂಗ ತಿಳೀಬೇಕ್ರಿ?”

“ಅದು ಡಾಕ್ಟರಿಗೇ ತಿಳಿಯೋದಿಲ್ಲ, ನನಗ ಹ್ಯಾಂಗ ತಿಳೀತದ?”

ಒಂದು ದಿನ ನನಗೆ ಒಂಬತ್ತರ ಜೋಡಿ ಬಂತು. ಜೂನಿಯರ್ ಬೀಜ ಏರಿಸಿದ. ನಾನು ಅವನ ಮುಖ ನೋಡಿದೆ, ಎಲೆ ನೋಡಿದೆ, ಮತ್ತೆ ಮುಖ ನೋಡಿದೆ. ನನಗೆ ಅವಸರ ಮಾಡಿ ಗೊತ್ತಿಲ್ಲ. ಊಟಕ್ಕೆ ಕೂತರೂ ಕಡೆಗೆ ಏಳುವವನು ನಾನೇ. ಇಡಬೇಕೆಂದು ಬೀಜ ಎತ್ತಿದೆ, ಒಗೆಯಬೇಕೆಂದು ಕೆಳಗಿಟ್ಟೆ. ಅವರಿಬ್ಬರೂ ನನ್ನ ಕೈಯನ್ನೇ ನೋಡುತ್ತ ಕೂತಿದ್ದರು. ಕಡೆಗೆ ಧೈರ್ಯ ಮಾಡಿ ಬೀಜ ಇಟ್ಟು ತಲೆ ಎತ್ತಿದರೆ, ಕಿಟಕಿಯಾಚೆ ಇದ್ದದ್ದು ಕುರಕುಂಟಾ ಸ್ಟೇಷನ್. ಸೇಡಂ ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ.

ನಾನೂ ಜೂನಿಯರೂ ಕಚೇರಿ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಸಾಹೇಬರು ಬಾಗಿಲಲ್ಲೇ ನಿಂತಿದ್ದರು. “ಯಾಕ ತಡ?” ನನ್ನ ಕಣ್ಣ ಮುಂದೆ ಚಂದ್ರಂಪಳ್ಳಿ ಸುಳಿಯಿತು. ತಪ್ಪನ್ನು ಗಾಡಿಯ ಮೇಲೆ ಹಾಕೋಣವೆಂದರೆ ಸುಳ್ಳು ಹೇಳಬೇಕಾಗುತ್ತದೆ. ಜೂನಿಯರ್ ಮುಂದೆ ಬಂದು ಎಲ್ಲವನ್ನೂ ಒದರಿಬಿಟ್ಟ. “ಸಾಹೇಬ್ರ, ಶರಣ್ರ ಕೈಯಾಗ ಒಂಬತ್ತರ ಜೋಡಿ ಇತ್ತು. ಇಡಬೇಕೋ ಒಗೀಬೇಕೋ ತಿಳೀಲಿಲ್ಲ. ಅಷ್ಟ್ರಾಗ ಗಾಡಿ ಕುರಕುಂಟಾಕ್ಕ ಹೋತು.”

ಸಾಹೇಬರು ಚಷ್ಮಾ ತೆಗೆದು ನನ್ನನ್ನು ನೋಡಿದರು. ನೌಕರಿ ಹೋಯಿತೆಂದೇ ತಿಳಿದೆ.

“ಒಂಬತ್ತರ ಜೋಡಿ ಬಂದ್ರ ಯಾರರೆ ವಿಚಾರ ಮಾಡ್ತಾರೇನ್ರಿ?” ಎಂದರು.

೩. ಇಬ್ಬರು ರಾಣಿಯರು

ಸಾಹೇಬರ ಮನೆ ಶಹಾಬಾದಿನಲ್ಲಿತ್ತು. ಇಷ್ಟು ದಿನ ಅದೇ ಗಾಡಿಯ ಬೇರೆ ಡಬ್ಬಿಯಲ್ಲಿ ಬರುತ್ತಿದ್ದ ಸಾಹೇಬರು ಮರುದಿನ ವಾಡಿಯಲ್ಲಿ ನಮ್ಮ ಡಬ್ಬಿ ಹುಡುಕಿಕೊಂಡು ಬಂದು, “ಸರೀರಿ ಸ್ವಲ್ಪ” ಎಂದು ಕೂತರು.

ಅವರ ಆಟವೇ ಬೇರೆ. ತಮ್ಮ ಎಲೆಗಳನ್ನು ಅವರು ನೋಡುತ್ತಲೇ ಇರಲಿಲ್ಲ. ಬೋರಲು ಇಟ್ಟು, ಮೇಲೆ ಚಷ್ಮಾದ ಡಬ್ಬಿ ಹೇರಿ, ಬೀಜ ಏರಿಸುತ್ತ ಹೋಗುತ್ತಿದ್ದರು. “ನೋಡಿದ್ರ ಹೆದರಿಕಿ ಬರ್ತದ್ರಿ. ನೋಡಲಾರದವಗ ಎಂಥಾ ಹೆದರಿಕಿ?” ಕಚೇರಿಯ ಕಾಗದಗಳಿಗೆ ಸಹಿ ಹಾಕುವುದೂ ಅವರು ಇದೇ ಪದ್ಧತಿಯಲ್ಲಿ.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಸಾಹೇಬರಿಗೆ ಸೋಲೆಂದರೆ ಆಗದು. ಸೋತವರ ಮೇಲೆ ಅವರಿಗೆ ಪ್ರೀತಿ, ಗೆದ್ದವರ ಮೇಲೆ ಸಿಟ್ಟು. ಸಿಟ್ಟು ಬಂದವನು ಚಂದ್ರಂಪಳ್ಳಿಗೆ, ಪ್ರೀತಿಗೆ ಬಿದ್ದವನು ವಾಡಿಯಲ್ಲಿ ತನ್ನ ಛತ್ತಿನ ಕೆಳಗೆ. ಆದ್ದರಿಂದ ಸೋಲಬೇಕು. ಆದರೆ ದೇವರ ಆಟ ನೋಡಿ, ಸೋಲಬೇಕೆಂದು ಕೂತ ದಿನದಿಂದ ನನಗೆ ಬರೀ ಜೋಡಿಗಳೇ. ಗುಲಾಮರ ಜೋಡಿ, ಹತ್ತರ ಜೋಡಿ, ಎಂಟರ ಜೋಡಿ. ಬಂದದ್ದನ್ನೆಲ್ಲ, ಕೆಟ್ಟ ಎಲೆ ಬಂದವನಂತೆ ಉಸಿರುಬಿಟ್ಟು ಒಗೆಯುತ್ತಿದ್ದೆ.

ಜೂನಿಯರಿಗೆ ಈ ಬುದ್ಧಿ ಇರಲಿಲ್ಲ. ಐದರ ಜೋಡಿ ಹಿಡಿದು ಸಾಹೇಬರ ಎದುರು ಕೊನೆತನಕ ಹೋಗಿ, ಗೆದ್ದು, ಬೀಜ ಬಾಚಿಕೊಂಡು, “ಸಾಹೇಬ್ರ, ನಿಮ್ಮ ಎಲಿ ನೀವು ಮೊದ್ಲೇ ನೋಡಿದ್ರ ನಾಚ್ಕೋತಿದ್ರಿ” ಎಂದ. ಸಾಹೇಬರ ಮುಖ ಕೆಂಪಾಯಿತು. ಪಾಪ, ಇವನು ಈಗಲೇ ಹಾಸಿಗೆ ಕಟ್ಟಬಹುದು ಎಂದುಕೊಂಡೆ.

ಒಂದು ದಿನ ನಾನು ಒಗೆದ ಎಲೆಗಳನ್ನು ಸಾಹೇಬರು ಅಂಗೈಯಲ್ಲಿ ಮಗುಚಿ ನೋಡಿಬಿಟ್ಟರು. ಹಾಗೆ ನೋಡಬಾರದೆಂಬುದು ಆಟದ ಕಾಯ್ದೆ; ಆದರೆ ಸಾಹೇಬರಿಗೆ ಕಾಯ್ದೆ ಹೇಳುವವರು ಯಾರು? ಎರಡು ರಾಣಿಗಳು ಮೇಲೆ ಮುಖ ಮಾಡಿ ಮಲಗಿದ್ದವು.

“ಇಬ್ಬರು ರಾಣಿಯರನ್ನ ಒಗದ್ರೇನ್ರಿ, ಶರಣ್ರ?”

ಸಿಕ್ಕಿಬಿದ್ದೆ. ಬಾಯಿಗೆ ಬಂದದ್ದನ್ನು ಹೇಳಿದೆ: “ಸಾಹೇಬ್ರ, ಮನ್ಯಾಗ ಒಬ್ಬಾಕಿನ್ನೇ ಸಂಭಾಳಸೋದು ಆಗಲೊಲ್ದು. ಇಬ್ಬರನ್ನ ಇಟ್ಕೊಂಡು ಏನು ಮಾಡ್ಲಿ?”

ಚಿತ್ತಾಪುರ ದಾಟುವವರೆಗೂ ಸಾಹೇಬರ ನಗು ನಿಲ್ಲಲಿಲ್ಲ. ನನ್ನ ಛತ್ತಿಗೆ ಅರ್ಧ ಕಲ್ಲು ಕೂತಂತಾಯಿತು.

೪. ಪ್ರೀತಿಯ ಹುಕುಂ

ಹುಕುಂ ಬಂತು. ಚಂದ್ರಂಪಳ್ಳಿ ಕ್ಯಾಂಪಿಗೆ ನಾನು.

ಕಾಗದ ಹಿಡಿದೇ ಎದ್ದೆ. ಸಾಹೇಬರ ಕೋಣೆಗೆ ಹೋಗಿ, ಮನೆಯ ಕಥೆ, ಗೌಂಡಿಯ ಕಥೆ, ಮೋಡದ ಕಥೆ ಎಲ್ಲ ಹೇಳಿದೆ. ಅವರು ಸಮಾಧಾನದಿಂದ ಕೇಳಿದರು.

“ನಿಮ್ಮ ತ್ರಾಸು ನನಗ ತಿಳೀತದ್ರಿ. ಖರೇ, ನನ್ನ ತ್ರಾಸೂ ನೀವು ತಿಳ್ಕೋಬೇಕು. ಆ ಜೂನಿಯರ್‌ನ ಕರ್ಕೊಂಡು ಹೋದ್ರ ಆ ಕಾಡಿನಾಗ ದಿನಾ ಮಧ್ಯಾಹ್ನ ನಾ ಅವನ ಕೈಯಾಗ ಸೋಲಬೇಕೇನು? ನೀವಾದ್ರ ಶಿಸ್ತಿನ ಮನುಷ್ಯ. ಯಾವಾಗ ಏನು ಒಗೀಬೇಕು ಅನ್ನೋದು ನಿಮಗ ಗೊತ್ತದ.”

ಸಂಜೆ ಗಾಡಿಯಲ್ಲಿ ಕಂಪೌಂಡರು ತಲೆ ಆಡಿಸಿದರು. “ಔಷಧ ಭಾಳ ಛಲೋ ಕೊಟ್ರಿ, ಶರಣ್ರ. ರೋಗಿಗಿ ನಿಮ್ಮ ಮ್ಯಾಲ ಎಷ್ಟು ವಿಶ್ವಾಸ ಬಂತಂದ್ರ, ಮನೀಗೇ ಕರ್ಕೊಂಡು ಹೊಂಟಾನ.”

ಮನೆಯವಳಿಗೆ ರಾಣಿಯರ ಸಂಗತಿಯನ್ನೂ ಹೇಳಬೇಕಾಯಿತು. ಅವಳು ನನ್ನ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತ ಅಂದಳು: “ಮೊದ್ಲ ಅವರಿಬ್ಬರನ್ನ ಒಗದ್ರಿ. ಈಗ ಮೂರನೇದಾಕಿನ್ನ ಮಳಿಯಾಗ ಒಗದು ಹೊಂಟ್ರಿ.”

೫. ಮೂರರ ಜೋಡಿ

ಚಂದ್ರಂಪಳ್ಳಿಯಲ್ಲಿ ಮುಂಜಾನೆ ಜಮೀನು ಅಳೆಯುವುದು, ಮಧ್ಯಾಹ್ನ ಊಟವಾದ ಮೇಲೆ ಮರದ ನೆರಳಲ್ಲಿ ಎಲೆ. ಅಳತೆಯ ಸರಪಳಿ ಎಳೆಯುವ ಚೈನ್‌ಮನ್ ಮೂರನೆಯ ಆಟಗಾರ. ನಾನು ಶಿಸ್ತಿನಿಂದ ಒಗೆಯುತ್ತಲೇ ಇದ್ದೆ. ಸಾಹೇಬರು ಎಷ್ಟು ಖುಷಿಯಾಗಿದ್ದರೆಂದರೆ, ಇಲ್ಲಿಯ ಕೆಲಸ ಮುಗಿದ ಮೇಲೆ ಪಕ್ಕದ ಹಳ್ಳಿಗಳದ್ದನ್ನೂ ನಾವೇ ಹಿಡಿಯೋಣ ಎನ್ನತೊಡಗಿದರು.

ಅಷ್ಟರಲ್ಲಿ ವಾಡಿಯಿಂದ ಬಂದ ಒಬ್ಬರು ಸುದ್ದಿ ತಂದರು: ಗೌಂಡಿ ಒಂದು ಕಲ್ಲೂ ಎತ್ತಿಲ್ಲ, ಆದರೆ ದಿನಾ ಬಂದು ಚಹಾ ಕುಡಿದು, “ಯಜಮಾನ್ರು ಯಾವಾಗ ಬರ್ತಾರ್ರಿ?” ಎಂದು ಪ್ರೀತಿಯಿಂದ ವಿಚಾರಿಸುತ್ತಾನೆ. ತಲೆಯೆತ್ತಿ ನೋಡಿದೆ. ಕೆರೆಯ ಆಚೆ ಕಾಡಿನ ಮೇಲೆ ಮೋಡ ಕಟ್ಟಿತ್ತು.

ಆ ಮಧ್ಯಾಹ್ನ ನನಗೆ ಮೂರರ ಜೋಡಿ ಬಂತು. ಇದಕ್ಕಿಂತ ಬಡ ಜೋಡಿ ಎಂದರೆ ಎರಡರದು ಮಾತ್ರ. ಯಾವ ವಿಚಾರಕ್ಕೂ ಯೋಗ್ಯವಲ್ಲದ ಎಲೆ. ಆದರೆ ನನಗೆ ಹೆದರಿಕೆಯೇ ಬರಲಿಲ್ಲ. ಚಂದ್ರಂಪಳ್ಳಿಗೆ ಕಳಿಸಿಯಾರೆಂಬ ಭಯ ಚಂದ್ರಂಪಳ್ಳಿಯಲ್ಲಿ ಕೂತವನಿಗೆ ಎಲ್ಲಿಂದ ಬರಬೇಕು? ಬೀಜ ಇಟ್ಟೆ. ಚೈನ್‌ಮನ್ ಒಗೆದ. ಸಾಹೇಬರು ಎಲೆ ನೋಡದೆ ಏರಿಸಿದರು, ನಾನೂ ಏರಿಸಿದೆ. ಅವರು ನಾನು ಒಗೆಯುವುದನ್ನೇ ಕಾದರು. ನಾನು ಮತ್ತೆ ಇಟ್ಟೆ.

ಸಾಹೇಬರು ಆಟದ ನಡುವೆ ಮೊದಲ ಬಾರಿಗೆ ಚಷ್ಮಾದ ಡಬ್ಬಿ ಸರಿಸಿ ತಮ್ಮ ಎಲೆ ನೋಡಿ, ಎಲ್ಲರಿಗೂ ಕಾಣುವಂತೆ ಇಟ್ಟರು. ಒಬ್ಬ ರಾಜ, ಒಂದು ಏಳು, ಒಂದು ನಾಲ್ಕು. ಏನೂ ಇಲ್ಲ.

ನಾನು ನನ್ನ ಎಲೆಗಳನ್ನು ಟವೆಲಿನ ಮೇಲೆ ಹರವಿದೆ. ಚೈನ್‌ಮನ್‌ಗೆ ನಗು ಬಂತು. ಅದನ್ನು ಅರ್ಧಕ್ಕೆ ಹಿಡಿದು ಕೆಮ್ಮು ಮಾಡಿಕೊಂಡ.

“ಮೂರರ ಜೋಡಿ ಹಿಡ್ಕೊಂಡು ನನ್ನ ತನಕ ಬಂದ್ರಿ?” ಸಾಹೇಬರ ದನಿಯಲ್ಲಿ ಸಿಟ್ಟಿಗಿಂತ ದುಃಖವಿತ್ತು. “ಆ ಜೂನಿಯರ್ ಗೆಲ್ತಾನಂದ್ರ ಗೆಲ್ಲೋ ಮಾರೀನೇ ಇಟ್ಕೊಂಡು ಗೆಲ್ತಾನ. ನೀವು ನಂಬಿಸಿ ಗೆದ್ರಿ, ಶರಣ್ರ.”

ಮರುದಿನ ಮುಂಜಾನೆ ಚಹಾ ಕುಡಿಯುವಾಗ, ನನ್ನ ಮುಖ ನೋಡದೆ ಹೇಳಿದರು: “ಸೇಡಂ ಕಚೇರಿದಾಗ ಕೆಲಸ ಭಾಳ ಬಿದ್ದದಂತ. ನೀವು ಹೋಗ್ರಿ. ಆ ಜೂನಿಯರ್‌ನೇ ಕರಸ್ತೀನಿ.”

ಎರಡು ದಿನದ ಮೇಲೆ ಚಿಂಚೋಳಿ ಬಸ್ ಸ್ಟ್ಯಾಂಡಿನಲ್ಲಿ ನಾನು ಹಾಸಿಗೆಸುರುಳಿಯ ಮೇಲೆ ಕೂತಿದ್ದೆ. ಸೇಡಂ ಬಸ್ಸಿನಿಂದ ಜೂನಿಯರ್ ತನ್ನ ಹಾಸಿಗೆ ಹೊತ್ತು ಇಳಿದ. ಮುಖ ಬಾಡಿತ್ತು.

“ಶರಣ್ರ, ನಿಮ್ಮ ಕಾಲಿಗಿ ಬೀಳ್ತೀನಿ. ಇಲ್ಲಿ ಹ್ಯಾಂಗ ಇರಬೇಕು ಅಷ್ಟು ಹೇಳ್ರಿ.”

ನಾನು ನಿಧಾನವಾಗಿ, ಒಂದು ಸುಳ್ಳೂ ಬೆರೆಸದೆ ಹೇಳಿದೆ: “ತಮ್ಮಾ, ಸಾಹೇಬರನ್ನ ಖುಷಿ ಇಡು. ಜೋಡಿ ಬಂದ್ರ ಒಗದುಬಿಡು. ನಾ ಹಾಂಗೇ ಮಾಡಿದ್ದೆ. ಅವರು ನನ್ನ ಎಷ್ಟು ಹಚ್ಕೊಂಡಿದ್ರು ಅನ್ನೋದು ನಿನಗೂ ಗೊತ್ತದ.”

ಅವನು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ನನ್ನ ಬಸ್ಸು ಬಂತು.

ಮಳೆಗೆ ಮೊದಲೇ ಛತ್ತು ಆಯಿತು. ಮಳೆಗಾಲ ಬಂತು, ಹೋಯಿತು. ದೀಪಾವಳಿಗೆ ಜೂನಿಯರ್ ರಜೆಯ ಮೇಲೆ ಬಂದವನು, ಪೇಢೆಯ ಪೊಟ್ಟಣ ಹಿಡಿದು ನಮ್ಮ ಹೊಸ ಮನೆ ಹುಡುಕಿಕೊಂಡು ಬಂದ. ಬಿಸಿಲಿಗೆ ಕಪ್ಪಾಗಿದ್ದ, ಆದರೆ ಮುಖದಲ್ಲಿ ಕಳೆಯಿತ್ತು.

“ಶರಣ್ರ, ನಿಮ್ಮ ಉಪಕಾರ ಮರಿಯೋವಂಥಾದ್ದಲ್ಲ. ಬಂದ ಜೋಡಿ ಎಲ್ಲಾ ಒಗದೆ. ಸಾಹೇಬ್ರು ಈಗ ನನ್ನ ಬಿಟ್ಟು ಊಟ ಸುದ್ದಾ ಮಾಡಂಗಿಲ್ಲ. ಬರೋ ವರ್ಷದ ಕ್ಯಾಂಪಿಗೂ ನಾನೇ ಅಂತ ಈಗ್ಲೇ ಬರದು ಕೊಟ್ಟಾರ!”