ಸಂಸೆಯ ದನದ ಡಾಕ್ಟರೂ ನನ್ನ ಇಟಲಿಯವರೂ

ಕಾಫಿ ಎಸ್ಟೇಟಿನ ರೈಟರ್ ಒಬ್ಬ ಇಟಲಿಯ ಮ್ಯಾಂಡೊಲಿನ್ ಸಂಗೀತದ ಇತಿಹಾಸ ಹುಡುಕಲು ಹೊರಟರೆ ಏನೇನು ಆಗಬಾರದೋ ಅದೆಲ್ಲ ಆಗಿಯೇ ತೀರುತ್ತದೆ. ನನಗಂತೂ ವರ್ಷಗಳಿಂದ ಆಗುತ್ತಲೇ ಇದೆ.

ಗಣಿ ಮುಚ್ಚಿ ಕುದುರೆಮುಖದ ಟೌನ್‌ಶಿಪ್ ಖಾಲಿಯಾಗುತ್ತಿದ್ದ ಕಾಲ. ಊರು ಬಿಡುತ್ತಿದ್ದ ಇಂಜಿನಿಯರೊಬ್ಬರು ಮನೆ ಸಾಮಾನು ಮಾರುತ್ತಿದ್ದಾರೆಂದು ನಾನು ಬೀರು ತರಲಿಕ್ಕೆ ಹೋದೆ. ತಂದದ್ದು ಸೋರೆಬುರುಡೆಯ ಹಾಗೆ ಬೆನ್ನು ಉಬ್ಬಿದ ಒಂದು ಮ್ಯಾಂಡೊಲಿನ್ ಮತ್ತು ಹಳದಿ ತಿರುಗಿದ ಸ್ವರಲಿಪಿ ಹಾಳೆಗಳ ಒಂದು ಕಟ್ಟು. ಹಾಳೆಗಳ ಮೇಲೆಲ್ಲ ಒಂದೇ ಹೆಸರು, ಇಟಲಿಯ ಯಾರೋ ಒಬ್ಬರದ್ದು. ಅಲ್ಲಿ ಒಂದು ಕಾಲಕ್ಕೆ ಕ್ಷೌರದವರು, ದರ್ಜಿಗಳು, ಗುಮಾಸ್ತರು ಎಲ್ಲ ಸಂಜೆ ಸೇರಿ ಮ್ಯಾಂಡೊಲಿನ್ ತಂಡ ಕಟ್ಟಿಕೊಂಡು ನುಡಿಸುತ್ತಿದ್ದರಂತೆ. ಆ ತಂಡಗಳಿಗೆ ಹಾಡು ಕಟ್ಟಿಕೊಟ್ಟ ಈ ಹೆಸರಿನವರನ್ನು ಈಗ ಅವರ ಊರಿನವರೇ ಮರೆತಿದ್ದಾರೆ. ಊರು ಮರೆತವರನ್ನು ನೆನಪಿಟ್ಟುಕೊಳ್ಳುವ ಗುತ್ತಿಗೆ ನಾನು ಹಿಡಿದೆ. ಅವರನ್ನು 'ನಮ್ಮವರು' ಎಂದೇ ಕರೆಯತೊಡಗಿದೆ. "ಆ ಮಾತು ನಾನು ನಿಮಗೆ ಅನ್ನಬೇಕಾದ್ದು," ಎಂದಳು ಹೆಂಡತಿ.

ಎಕರೆಗೆ ಎಷ್ಟು?

ಮಳೆ ಹಿಡಿದು ಕಾಫಿ ಕಾಯಿ ಉದುರುತ್ತಿದ್ದ ಒಂದು ವರ್ಷ. ಆಲ್ದೂರಿನ ಗೊಬ್ಬರದಂಗಡಿಯಲ್ಲಿ ಕೂತು ಅಂಗಡಿಯವರಿಗೆ ಹೇಳುತ್ತಿದ್ದೆ: "ಮ್ಯಾಂಡೊಲಿನ್ ಅಂದ್ರೆ ಇಟಲಿಯದ್ದೇ. ಅದರ ಮುಂದೆ ಬೇರೆ ಯಾವುದೂ ಇಲ್ಲ."

ಪಕ್ಕದಲ್ಲಿದ್ದ ಪ್ಲಾಂಟರೊಬ್ಬರು ಕಿವಿ ನಿಮಿರಿಸಿದರು. "ಕೊಳೆರೋಗಕ್ಕಾ ರೈಟ್ರೇ?"

"ಅಲ್ಲ ಸಾರ್. ಮನಸ್ಸಿಗೆ."

"ಅದಿರ್ಲಿ ಮಾರಾಯ. ಎಕರೆಗೆ ಎಷ್ಟು ಹೊಡೀಬೇಕು?"

ಮುಂದಿನ ವಾರ ಹೋದಾಗ ಅಂಗಡಿಯವರು ನನ್ನನ್ನು ಪಕ್ಕಕ್ಕೆ ಕರೆದರು. "ನಾಲ್ಕು ಜನ ಬಂದು ಕೇಳಿಕೊಂಡು ಹೋದ್ರು. ಏಜೆನ್ಸಿ ನಿಮ್ಮದೇ ಇದ್ರೆ ನಮಗೇ ಮೊದಲು ಕೊಡಿ."

ಇನ್ನೊಬ್ಬರು

ನನ್ನವರು ಹುಟ್ಟಿದ ಊರಿನ ಗ್ರಂಥಾಲಯಕ್ಕೆ ಈಮೇಲ್ ಬರೆದೆ. ಅಲ್ಲಿನ ಗ್ರಂಥಪಾಲಕಿಯಿಂದ ಮೂರು ವಾರದ ಮೇಲೆ ಉತ್ತರ ಬಂತು. "ನಿಮ್ಮ ಜಿಲ್ಲೆಯಿಂದ ಈ ತಿಂಗಳು ಬಂದ ಎರಡನೆಯ ಪತ್ರ ಇದು. ನಿಮ್ಮ ಬೆಟ್ಟಗಳಲ್ಲಿ ಮ್ಯಾಂಡೊಲಿನ್ ಅಷ್ಟೊಂದು ಜನಪ್ರಿಯವೇ?"

ಕೈಯಲ್ಲಿದ್ದ ಕಾಫಿ ಲೋಟ ಕೆಳಗೆ ಬಿತ್ತು. ಇಡೀ ಜಿಲ್ಲೆಗೆ ನಾನೊಬ್ಬನೇ ಹುಚ್ಚ ಎಂಬುದೊಂದೇ ನನ್ನ ಹೆಮ್ಮೆಯಾಗಿತ್ತು. ನನ್ನ ಮುಖ ನೋಡಿ ಹೆಂಡತಿ ಒಳಗಿನಿಂದ ಓಡಿ ಬಂದಳು.

"ಏನ್ರೀ ಆಯ್ತು? ಯಾರಾದ್ರೂ ಹೋದ್ರಾ?"

"ಹೋಗಿಲ್ಲ," ಅಂದೆ. "ಇನ್ನೊಬ್ಬ ಇದ್ದಾನೆ."

ಡಾಕ್ಟರು, ರೈಟರು

ವಿಚಾರಿಸಿದರೆ ಆ ಇನ್ನೊಬ್ಬರು ಸಂಸೆಯ ದನದ ಡಾಕ್ಟರು. ಅದೇ ಇಂಜಿನಿಯರು ನನಗಿಂತ ಒಂದು ದಿನ ಮೊದಲು ಅವರಿಗೂ ಒಂದು ಕಟ್ಟು ಹಾಳೆ ಕೊಟ್ಟಿದ್ದರು. ಅದರ ಮೇಲಿದ್ದದ್ದು ಅದೇ ಊರಿನ ಬೇರೊಂದು ಹೆಸರು. ಹಾಗಾಗಿ ಅವರಿಗೆ ಅವರವರು, ನನಗೆ ನನ್ನವರು.

ಅಷ್ಟಾದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಆದರೆ ಅವರು ಪತ್ರದ ಕೊನೆಗೆ 'ಡಾಕ್ಟರ್' ಎಂದು ಸಹಿ ಮಾಡುತ್ತಿದ್ದರು. ಆ ಗ್ರಂಥಪಾಲಕಿ ಮಹಾತಾಯಿ ಅವರನ್ನು ಸಂಗೀತದಲ್ಲೇ ಡಾಕ್ಟರೇಟ್ ಪಡೆದವರೆಂದು ತಿಳಿದು, ಕೇಳಿದ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಎರಡೇ ದಿನದಲ್ಲಿ ಕಳಿಸುತ್ತಿದ್ದಳು. ನಾನು 'ರೈಟರ್' ಎಂದು ಸಹಿ ಮಾಡಿದ್ದಕ್ಕೆ ನನಗೆ ಬಂದ ಉತ್ತರ: "ಮಾನ್ಯ ಲೇಖಕರೇ, ನಿಮ್ಮ ಕಾದಂಬರಿಗೆ ಶುಭವಾಗಲಿ."

ನನಗೆ ತಡೆಯಲಾಗಲಿಲ್ಲ. ಕೂತು ಉದ್ದಕ್ಕೆ ಬರೆದೆ. ನಮ್ಮಲ್ಲಿ ರೈಟರ್ ಎಂದರೆ ತೋಟದ ಆಳುಗಳ ಹಾಜರಿ ಬರೆಯುವವನು, ಕಾದಂಬರಿ ಬರೆಯುವವನಲ್ಲ. ಹಾಗೆಯೇ ಆ ಡಾಕ್ಟರು ಕೂಡ ಸಂಗೀತದವರಲ್ಲ, ದನದವರು. ಸತ್ಯ ಹೇಳಿದ ನೆಮ್ಮದಿಯಲ್ಲಿ ಆ ದಿನ ಎರಡು ತುತ್ತು ಹೆಚ್ಚೇ ಊಟ ಮಾಡಿದೆ.

ಮರುದಿನವೇ ಉತ್ತರ. "ತಿಳಿಸಿದ್ದಕ್ಕೆ ತುಂಬಾ ಉಪಕಾರವಾಯಿತು. ನಮ್ಮಣ್ಣನ ಹಸುವಿಗೆ ಹದಿನೈದು ದಿನದಿಂದ ಕೆಚ್ಚಲು ಬಾತಿದೆ. ಡಾಕ್ಟರರನ್ನು ಈಗಲೇ ಕೇಳುತ್ತೇನೆ."

ಹಸು ಗುಣವಾಯಿತು. ಅಲ್ಲಿಂದ ಮುಂದೆ ಡಾಕ್ಟರಿಗೆ ಹಾಳೆಗಳು ಕೇಳುವ ಮೊದಲೇ ಬರತೊಡಗಿದವು.

ಕೊಟ್ಟಿಗೆಯಲ್ಲಿ ಸಂಶೋಧನೆ

ಒಮ್ಮೆ ಎದುರೆದುರೇ ನೋಡಿಬಿಡೋಣ ಎಂದು, ಬರುತ್ತೇನೆಂದು ಫೋನು ಮಾಡಿ ಬಸ್ಸು ಹತ್ತಿದೆ. ವಾಪಸು ಬರುವಾಗ ಕಳಸದ ಅಕ್ಕನ ಮನೆಗೆ ಹೋಗಬೇಕೆಂದು ಹೆಂಡತಿಯೂ ಜೊತೆಗೆ ಬಂದಳು. ಡಾಕ್ಟರು ಆಸ್ಪತ್ರೆಯಲ್ಲಿರಲಿಲ್ಲ. ಹತ್ತಿರದ ಒಂದು ಕೊಟ್ಟಿಗೆಯಲ್ಲಿ, ಕರು ಹಾಕಲಾರದೆ ಒದ್ದಾಡುತ್ತಿದ್ದ ಹಸುವಿನೊಳಗೆ ಭುಜದವರೆಗೆ ಕೈ ಇಟ್ಟುಕೊಂಡು ನಿಂತಿದ್ದರು.

"ಬನ್ನಿ ರೈಟ್ರೇ! ಒಳ್ಳೇ ಹೊತ್ತಿಗೆ ಬಂದ್ರಿ. ಆ ಹಗ್ಗ ಹಿಡ್ಕೊಳ್ಳಿ."

ಹಗ್ಗ ಹಿಡಿದೆ. ಆದರೂ ಬಂದ ಕೆಲಸ ಬಿಡಲಿಲ್ಲ. "ನಮ್ಮವರದ್ದು ಮೂವತ್ತೆರಡು ರಚನೆ ಸಿಕ್ಕಿದೆ ಡಾಕ್ಟ್ರೇ."

"ಸಂತೋಷ. ನಮ್ಮವರದ್ದು ನಲವತ್ತೊಂದು. ಎಳೀರಿ."

"ನಮ್ಮವರದ್ದು ಕುಣಿತದ ಮಟ್ಟುಗಳೇ ಆರು ಇವೆ."

"ನಮ್ಮವರದ್ದು ಒಂಬತ್ತು. ಇನ್ನೂ ಜೋರಾಗಿ ಎಳೀರಿ ಮಾರಾಯ್ರೇ!"

ಹೊಟ್ಟೆಯಲ್ಲಿದ್ದ ಕಿಚ್ಚನ್ನೆಲ್ಲ ಹಗ್ಗಕ್ಕೆ ಹಾಕಿ ಎಳೆದೆ. ಕರು ಬಂತು, ಅದರ ಹಿಂದೆಯೇ ನಾನು ಸಗಣಿಯಲ್ಲಿ ಕೂತಿದ್ದೆ. ಡಾಕ್ಟರು ಕೈ ತೊಳೆದುಕೊಂಡು ಜೀಪಿನಿಂದ ಮ್ಯಾಂಡೊಲಿನ್ ತಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತಮ್ಮ ಇಟಲಿಯವರದ್ದೊಂದು ಮಟ್ಟು ನುಡಿಸಿದರು. ಮನೆಯವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತರು. ಹಸು ಕೂಡ ಕರು ನೆಕ್ಕುವುದನ್ನು ನಿಲ್ಲಿಸಿತು ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ. ನನಗೆ ಇಷ್ಟು ವರ್ಷಗಳಲ್ಲಿ ನುಡಿಸಲು ಬರುವುದು ಎರಡೇ ಸಾಲು.

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ಕೇಳಿದಳು: "ಅಲ್ಲಾರೀ, ಇದಕ್ಕೆ ಸದ್ದೂ ಇರುತ್ತಾ?"

ಕಳ್ಳ ಸಿಕ್ಕಿದ

ಕೊನೆಗೂ ದೇವರು ಕಣ್ಣು ಬಿಟ್ಟ. ಡಾಕ್ಟರು ಕಳಿಸಿದ ಒಂದು ಹಾಳೆಯನ್ನು ನನ್ನ ಹಾಳೆಯ ಪಕ್ಕದಲ್ಲಿಟ್ಟು ನೋಡುತ್ತೇನೆ, ಎರಡನೆಯ ಭಾಗ ಸ್ವರಕ್ಕೆ ಸ್ವರ ಒಂದೇ! ನನ್ನದು ಮೊದಲು ಅಚ್ಚಾದದ್ದು. ಅಂದರೆ ಡಾಕ್ಟರ ಇಟಲಿಯವರೇ ಕಳ್ಳ.

ಮೂಡಿಗೆರೆಯಲ್ಲಿ ಗೆಳೆಯರು ನಡೆಸುವ ಓದುಗರ ಕೂಟದಲ್ಲಿ ನನ್ನ ಮಾತು ಇಡಿಸಿಕೊಂಡೆ. ಡಾಕ್ಟರನ್ನು ಬೇಕೆಂದೇ ಮುಂದಿನ ಸಾಲಿಗೆ ಕರೆಸಿದೆ. ಎರಡೂ ಹಾಳೆ ಎತ್ತಿ ಹಿಡಿದು, "ಡಾಕ್ಟರ ಇಟಲಿಯವರು ನಮ್ಮವರ ಮನೆಗೆ ಕನ್ನ ಹಾಕಿದ್ದಾರೆ!" ಎಂದೆ. ಡಾಕ್ಟರ ಮುಖ ಸಣ್ಣದಾಯಿತು. ಸುಳ್ಳೇಕೆ, ನನಗೆ ಕೇರಿಗೆಲ್ಲ ಹೋಳಿಗೆ ಹಂಚಿದಷ್ಟು ಖುಷಿಯಾಯಿತು.

ಡಾಕ್ಟರು ಮೆತ್ತಗೆ ಎದ್ದು, "ಇರಬಹುದು. ಗ್ರಂಥಾಲಯದ ಆ ಅಮ್ಮನನ್ನೇ ಕೇಳೋಣ," ಎಂದರು. ಅಲ್ಲೇ ಕೂತು ಇಬ್ಬರೂ ಸೇರಿ ಒಂದೇ ಪತ್ರ ಬರೆದೆವು.

ನಾಲ್ಕನೆಯ ದಿನ ಉತ್ತರ ಬಂತು. ಫೋನಿನಲ್ಲಿ ಡಾಕ್ಟರಿಗೆ ನಾನೇ ಓದಿ ಹೇಳಿದೆ. "ಮಾನ್ಯರೇ, ಇಬ್ಬರೂ ಒಬ್ಬರೇ. ಒಬ್ಬ ಪ್ರಕಾಶಕನಿಗೆ ಸ್ವಂತ ಹೆಸರಿನಲ್ಲಿ, ಇನ್ನೊಬ್ಬನಿಗೆ ಕಳ್ಳಹೆಸರಿನಲ್ಲಿ ಬರೆಯುತ್ತಿದ್ದರು. ಊರಿನ ಜನ ಎರಡನೆಯ ಹೆಸರಿನವನನ್ನೇ ಹೆಚ್ಚು ಮೆಚ್ಚತೊಡಗಿದಾಗ ಪಾಪ, ಅವರಿಂದ ಸಹಿಸಲಾಗಲಿಲ್ಲ. 'ಆ ಮನುಷ್ಯ ನನ್ನ ರಾಗ ಕದ್ದಿದ್ದಾನೆ' ಎಂದು ಸ್ವಂತ ಹೆಸರಿನಲ್ಲಿ ಪತ್ರಿಕೆಗೆ ದೂರು ಬರೆದರು."

ಆ ಕಡೆಯಿಂದ ಡಾಕ್ಟರು ಹೇಳಿದರು:

"ರೈಟ್ರೇ, ಒಬ್ಬರೇ ಆಗಿದ್ದೂ ಹೊಟ್ಟೆಕಿಚ್ಚು ತಡ್ಕೊಳ್ಳೋಕಾಗಿಲ್ಲ ನೋಡಿ ಅವರಿಗೆ. ನಾವಾದ್ರೂ ಇಬ್ಬರಿದ್ದೀವಿ ಮಾರಾಯ್ರೇ!"