ಓದು ನಿಲ್ಲಿಸಲು ಅನುಮತಿ ಕೋರಿ

ಸಾರ್ವಜನಿಕ ಗ್ರಂಥಾಲಯದ ಸದಸ್ಯರು ಒಂದು ಪುಸ್ತಕ ಹಿಂದಿರುಗಿಸದೆ ಇನ್ನೊಂದನ್ನು ಪಡೆಯುವಂತಿಲ್ಲ. ಓದಿ ಮುಗಿಸದ ಪುಸ್ತಕವನ್ನು ಹಿಂದಿರುಗಿಸುವಂತಿಲ್ಲ. ಓದುವ ಹವ್ಯಾಸ ಬೆಳೆಸಲೆಂದು ಮಾಡಿದ ಈ ನಿಯಮದಿಂದ ಓದುಗರ ಸಂಖ್ಯೆ ಅರ್ಧಕ್ಕಿಳಿದಿದ್ದು, ಉಳಿದವರ ಶಿಸ್ತು ಮೆಚ್ಚುವಂತಿದೆ ಎಂದು ವಾರ್ಷಿಕ ವರದಿ ಹೇಳುತ್ತದೆ.

ಮಾರುಕಟ್ಟೆ ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹೆಂಗಸು ಈ ಶಿಸ್ತಿಗೆ ಸಿಕ್ಕಿಬಿದ್ದದ್ದು ಒಂದು ಮಾಯಾಲೋಕದ ಕಾದಂಬರಿ ಮಾಲೆಯಿಂದ. ಹದಿನಾಲ್ಕು ಸಂಪುಟ, ಒಂದೊಂದೂ ಇಟ್ಟಿಗೆಯಷ್ಟು ದಪ್ಪ. ನಾಲ್ಕು ರಾಜವಂಶ, ಮೂರು ಚಂದ್ರ, ಒಂದೇ ಹೆಸರಿನ ಒಂಬತ್ತು ರಾಜಕುಮಾರರು. ಚೀಟಿ ಅಂಟಿಸುವ ಶ್ರಮ ಉಳಿಸಲು ಗ್ರಂಥಪಾಲಕರು ಹದಿನಾಲ್ಕಕ್ಕೂ ಸೇರಿಸಿ ಒಂದೇ ನಂಬರು ಕೊಟ್ಟಿದ್ದರು. ಹೀಗಾಗಿ ನಿಯಮದ ಪ್ರಕಾರ ಅದು ಒಂದೇ ಪುಸ್ತಕ.

ಏಳನೇ ಸಂಪುಟದಲ್ಲಿ ಒಂದು ಡ್ರ್ಯಾಗನ್ ಮೊಟ್ಟೆಯಿಡಲೋ ಬೇಡವೋ ಎಂದು ನೂರೆಂಬತ್ತು ಪುಟ ಯೋಚಿಸಿದಾಗ ಆಕೆಗೆ ಸಾಕೋ ಸಾಕಾಯಿತು. ಅದಕ್ಕಿಂತ ಮುಖ್ಯವಾಗಿ, ಕಾಲು ಮುರಿದು ಮಲಗಿದ್ದ ಅತ್ತೆಗೆ ಎಂಬತ್ತು ಪುಟದ ಒಂದು ತೆಳು ಪುಸ್ತಕ ಬೇಕಿತ್ತು. ದಾರಿ ತಪ್ಪಿದ ಹುಡುಗಿಯ ಕಥೆ. ಮದುವೆಗೆ ಮುಂಚೆ ಅರ್ಧ ಓದಿದ್ದರಂತೆ. ಈಗ ಕಣ್ಣು ಮಂಜು. ಊರಲ್ಲಿದ್ದದ್ದು ಒಂದೇ ಪ್ರತಿ.

“ಆ ಹುಡುಗಿ ಮನೆ ಸೇರಿದಳಾ ಇಲ್ವಾ, ಅಷ್ಟು ಓದಿ ಹೇಳಮ್ಮ. ಐವತ್ತು ವರ್ಷದಿಂದ ತಲೆ ತಿಂತಿದೆ,” ಅಂದಿದ್ದರು ಅತ್ತೆ.

ಸೊಸೆ ಗ್ರಂಥಾಲಯಕ್ಕೆ ಹೋದಳು. “ಇದನ್ನ ಇಲ್ಲಿಗೇ ನಿಲ್ಲಿಸಿಬಿಡ್ತೀನಿ ಸಾರ್. ಆ ತೆಳುವಾದದ್ದು ಕೊಡಿ. ನಿಮ್ಮ ಬೆನ್ನ ಹಿಂದೇನೇ ಇದೆ.”

“ಇದೆ,” ಎಂದು ಗ್ರಂಥಪಾಲಕರು ತಿರುಗಿ ನೋಡದೆ ಒಪ್ಪಿಕೊಂಡರು. “ಆದ್ರೆ ನಿಲ್ಲಿಸೋಕೆ ಅನುಮತಿ ಬೇಕಲ್ಲಮ್ಮ. ಅರ್ಜಿ ಕೊಡಿ, ಸಮಿತಿ ತೀರ್ಮಾನ ಮಾಡುತ್ತೆ.”

ಸಮಿತಿ ಮೂರು ಸಲ ಸೇರಿತು. ಮುಂದೆ ಓದುವುದು ಯೋಗ್ಯವೋ ಅಲ್ಲವೋ ಎಂದು ಹೇಳಲು ಓದಿದವರೊಬ್ಬರು ಬೇಕಲ್ಲ? ಅಧ್ಯಕ್ಷರು ಮೊದಲ ಸಂಪುಟದ ಭೂಪಟದವರೆಗೆ ಹೋಗಿ ಕನ್ನಡಕ ಬದಲಿಸಿಕೊಂಡು ಬಂದಿದ್ದರು. ಗ್ರಂಥಪಾಲಕರು ‘ಎಲ್ಲರೂ ಓದಲೇಬೇಕಾದದ್ದು’ ಎಂದು ಮೇಲೆ ಚೀಟಿ ಅಂಟಿಸಿದ್ದರೇ ಹೊರತು ಒಳಗೆ ಇಣುಕಿರಲಿಲ್ಲ. ಇಡೀ ಊರಿನಲ್ಲಿ ಏಳನೇ ಸಂಪುಟ ಮುಟ್ಟಿದ ಏಕೈಕ ವ್ಯಕ್ತಿ ಅರ್ಜಿದಾರಳೇ. ಆದ್ದರಿಂದ ಆಕೆಯನ್ನೇ ವಿಷಯ ತಜ್ಞೆಯಾಗಿ ನೇಮಿಸಲಾಯಿತು.

“ಹಾಗಾದ್ರೆ ಈಗಲೇ ಹೇಳ್ತೀನಿ, ಓದೋದು ಬೇಡ,” ಅಂದಳು ತಜ್ಞೆ.

“ಅರ್ಧ ಓದಿದ ತಜ್ಞರ ಅಭಿಪ್ರಾಯ ನಾವು ತಗೊಳ್ಳಲ್ಲಮ್ಮ,” ಅಂದರು ಅಧ್ಯಕ್ಷರು, ನೊಂದ ದನಿಯಲ್ಲಿ. “ಪೂರ್ತಿ ಓದಿ, ಆಮೇಲೆ ಬೇಡ ಅನ್ನಿ.”

ಆಕೆ ಓದಿದಳು. ಕಾಲಡಿ ಮೆಷಿನ್ನು, ಬಟ್ಟೆಯ ಮೇಲೆ ಸಂಪುಟ. ಒಬ್ಬ ಗಿರಾಕಿಯ ಅಂಗಿಗೆ ಮೂರು ತೋಳು ಬಂತು. ಹತ್ತು ತಿಂಗಳು ಹಿಡಿಯಿತು. ಅತ್ತೆ ಮೊದಲು ದಿನಾ ಕೇಳುತ್ತಿದ್ದರು, ಆಮೇಲೆ ವಾರಕ್ಕೊಮ್ಮೆ. ಕೊನೆಕೊನೆಗೆ ಸೊಸೆಯ ಕೈಲಿದ್ದ ಪುಸ್ತಕದ ದಪ್ಪವನ್ನು ಸವರಿ ನೋಡಿ, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಕಂಡರೆ ಎಂಥವರಿಗೂ ಕರುಳು ಚುರ್ ಅನ್ನಬೇಕು. ಸಮಿತಿಯ ನಡಾವಳಿಯಲ್ಲಿ ಅದಕ್ಕೆ ಅಂಕಣವಿರಲಿಲ್ಲ.

ತಜ್ಞೆ ವರದಿ ಕೊಟ್ಟಳು. ಆದೇಶ ಹೊರಬಿತ್ತು:

“ಅರ್ಜಿದಾರರಿಗೆ ಏಳನೇ ಸಂಪುಟಕ್ಕೆ ಓದು ನಿಲ್ಲಿಸಲು ಅನುಮತಿ ನೀಡಲಾಗಿದೆ. ಎಂಟರಿಂದ ಹದಿನಾಲ್ಕನ್ನು ಅವರು ತಜ್ಞರ ನೆಲೆಯಲ್ಲಿ ಓದಿರುವುದರಿಂದ, ಓದುಗರ ನೆಲೆಯಲ್ಲಿ ಅವರಿಗೆ ಮುಂದಿನ ಕಥೆ ಗೊತ್ತಿಲ್ಲವೆಂದು ಪರಿಗಣಿಸತಕ್ಕದ್ದು.”

ಆಕೆ ಮೂರು ಕಡೆ ಸಹಿ ಹಾಕಿದಳು. “ಈಗ ಆ ತೆಳುವಾದದ್ದು ಕೊಡಿ ಸಾರ್.”

“ಅದಾ? ವರ್ಷದಿಂದ ಯಾರೂ ಒಯ್ಯದ ಪುಸ್ತಕ ರದ್ದಿಗೆ ಹಾಕ್ಬೇಕು ಅಂತ ನಿಯಮ. ಹೋದ ವಾರ ಹೋಯ್ತು. ಜಾಗ ಬೇಕಿತ್ತು ನೋಡಿ, ಹದಿನೈದನೇ ಸಂಪುಟ ಬಂತು.” ಗ್ರಂಥಪಾಲಕರು ಅದನ್ನು ಎರಡು ಕೈಯಲ್ಲಿ ಎತ್ತಿ ಕೊಟ್ಟರು. “ತಜ್ಞರಿಗೇ ಮೊದಲು. ನಂಬರು ಅದೇ.”

ಮನೆಯಲ್ಲಿ ಅತ್ತೆ ಬಾಗಿಲ ಸದ್ದಿಗೇ ಎದ್ದು ಕೂತರು. “ಸಿಕ್ತಾ? ಮನೆ ಸೇರಿದಳಾ ಅವಳು?”

ಸೊಸೆ ಮಂಚದ ತುದಿಯಲ್ಲಿ ಕೂತು ಇಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಳು.

“ಅದು ಹದಿನೈದನೇ ಸಂಪುಟದಲ್ಲಿ ಬರುತ್ತಂತೆ, ಅತ್ತೆ.”

ಅತ್ತೆ ದಿಂಬು ಸರಿಮಾಡಿಕೊಂಡರು.

“ಸರಿ, ಓದು.”