ನಾನು ನೀರು ಕುಡಿಯದೆ ಕುರಿ ಕಾಯ್ದ ಕಥೆ

ಮೊಮ್ಮಕ್ಕಳ ಮುಂದೆ ಕೊಚ್ಚಿಕೊಳ್ಳುವ ಚಟ ಬೀಡಿ ಚಟಕ್ಕಿಂತ ಕೆಟ್ಟದ್ದು. ಬೀಡಿಯನ್ನು ನಾನು ಬಿಟ್ಟೆ, ಇದನ್ನು ಬಿಡಲಾಗಲಿಲ್ಲ. ಬೀಡಿ ಸೇದಿದರೆ ಸೇದಿದವನ ಎದೆ ಸುಡುತ್ತದೆ, ಅಷ್ಟೆ. ಕೊಚ್ಚಿಕೊಂಡರೆ ಕೇಳಿದವರ ಪ್ರಾಣಕ್ಕೆ ಬರುತ್ತದೆ ಎನ್ನುವುದು ನನಗೆ ತಿಳಿದದ್ದು ಅರವತ್ತೆಂಟನೇ ವಯಸ್ಸಿನಲ್ಲಿ, ಐಮಂಗಲದ ಹತ್ತಿರದ ಒಂದು ಬೋಳುಗುಡ್ಡದ ಮೇಲೆ, ಬೇಸಿಗೆಯ ಒಂದು ಬೆಳಿಗ್ಗೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಬರೆಯುವಾಗ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುವುದಿಲ್ಲ. ಮಾತಾಡುವಾಗಲೂ ಗೊತ್ತಾಗದೇ ಇದ್ದದ್ದರಿಂದಲೇ ಇಷ್ಟೆಲ್ಲ ಆಯಿತು.

ನಮ್ಮದು ಕುರಿ ಮನೆತನ. ನನ್ನ ಅಪ್ಪನದೊಂದು ಕಟ್ಟಳೆ ಇತ್ತು. ದಾರಿಯಲ್ಲಿ ಮಂದೆ ನೀರು ಕುಡಿಯುವ ತನಕ ಕಾಯುವವನು ನೀರು ಮುಟ್ಟಬಾರದು. ತನ್ನ ಬಾಯಿ ಒಣಗಿದರೆ ಮಾತ್ರ ಕುರಿಯ ಕಷ್ಟ ತಿಳಿಯುತ್ತದೆ ಎಂಬುದು ಅವನ ವಾದ. ನಾನು ಹನ್ನೆರಡನೇ ವಯಸ್ಸಿನಲ್ಲಿ ಸುಡು ಬೇಸಿಗೆಯಲ್ಲಿ ಅವನ ಜೊತೆ ಹೊಸದುರ್ಗದ ಕಡೆಗೆ ಮಂದೆ ಹೊಡೆದುಕೊಂಡು ಹೋದೆ. ಹೊತ್ತು ಹುಟ್ಟಿದಾಗಿನಿಂದ ಹೊತ್ತು ಮುಳುಗುವ ತನಕ ಒಂದು ತೊಟ್ಟು ನೀರು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಹೀಗೆಂದು ನಾನು ಮದುವೆ ಮನೆಗಳಲ್ಲಿ, ಐಮಂಗಲದ ಟೀ ಹೋಟೆಲಿನಲ್ಲಿ, ಹೊಸದಾಗಿ ಹೆಣ್ಣು ಕೊಟ್ಟ ಬೀಗರ ಎದುರಿನಲ್ಲಿ ಐವತ್ತು ವರ್ಷ ಹೇಳಿಕೊಂಡು ಬಂದೆ. ಯಾರಾದರೂ ಬಿಸಿಲಪ್ಪಾ ಎಂದು ಹಣೆ ಒರೆಸಿಕೊಂಡರೆ ಸಾಕು, ನಾನು ಶುರು ಮಾಡುತ್ತಿದ್ದೆ. ಕಡೆಕಡೆಗೆ ಜನ ನನ್ನೆದುರು ಹಣೆ ಒರೆಸಿಕೊಳ್ಳುವುದನ್ನೇ ಬಿಟ್ಟಿದ್ದರು.

ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವಳು ಒಬ್ಬಳೇ, ನನ್ನ ಮೊಮ್ಮಗಳು ಮಂಜುಳ. ಅವಳ ಅಪ್ಪ, ನನ್ನ ಮಗ, ಚಿಕ್ಕಜಾಜೂರಿನಲ್ಲಿ ರೈಲ್ವೆ ಗ್ಯಾಂಗಿನಲ್ಲಿದ್ದಾನೆ. ಮಂಜುಳ ಹಿರಿಯೂರಿನ ಕಾಲೇಜಿಗೆಂದು ನಮ್ಮ ಮನೆಯಲ್ಲೇ ಇದ್ದಳು. ಅವಳನ್ನು ನೋಡಿದರೆ ನನಗೆ ಹೊಟ್ಟೆ ತುಂಬುತ್ತಿತ್ತು. ಎರಡನೇ ವರ್ಷದಲ್ಲಿ ಅವಳ ಆಟದ ಮೇಷ್ಟ್ರು ದಪ್ಪ ಟೈರಿನ ಒಂದು ಗೇರ್ ಸೈಕಲ್ ಕೊಟ್ಟು, ಬಿಜಾಪುರದ ಕಡೆ ಗುಡ್ಡಗಾಡಿನಲ್ಲಿ ಸೈಕಲ್ ಪಂದ್ಯ ಇದೆ, ತಯಾರಾಗು ಅಂದರಂತೆ. ಅದೂ ನಡು ಬೇಸಿಗೆಯಲ್ಲಿ. ನಮ್ಮ ಗುಡ್ಡಗಳ ಮೇಲೆ ಆಗತಾನೇ ಗಾಳಿಯಂತ್ರ ನೆಟ್ಟಿದ್ದರು. ಅವುಗಳನ್ನು ಸಾಗಿಸಲು ಕೊರೆದ ಮಣ್ಣಿನ ರಸ್ತೆ ತುದಿಯವರೆಗೂ ಹೋಗುತ್ತಿತ್ತು. ಒಂದು ಮರವಿಲ್ಲ, ಒಂದು ಹನಿ ನೀರಿಲ್ಲ, ಕಲ್ಲು ಬೆಳಿಗ್ಗೆ ಒಂಬತ್ತಕ್ಕೇ ಹಂಚಿನ ಹಾಗೆ ಕಾಯುತ್ತದೆ. ಮಂಜುಳ ದಿನಾ ಅಲ್ಲಿ ಸೈಕಲ್ ಹತ್ತಿಸತೊಡಗಿದಳು. ನಾನು ಕುರಿಗಳನ್ನು ಗುಡ್ಡದ ಬುಡಕ್ಕೇ ಹೊಡೆದುಕೊಂಡು ಹೋಗಿ, ಕತ್ತೆತ್ತಿ ನೋಡುತ್ತಾ ನಿಲ್ಲುತ್ತಿದ್ದೆ. ಮೇಲೆ ಇರುವೆಯಷ್ಟು ಕಾಣುತ್ತಿದ್ದಳು. ಅದು ನನ್ನ ಇರುವೆ ಎಂದು ದಾರಿಹೋಕರಿಗೆಲ್ಲ ತೋರಿಸುತ್ತಿದ್ದೆ.

ಮೇಷ್ಟ್ರು ಒಂದು ಹಾಳೆಯಲ್ಲಿ ಬಿಸಿಲಿನ ಎಚ್ಚರಿಕೆಗಳನ್ನು ಬರೆದು ಕೊಟ್ಟಿದ್ದರು. ನಾನು ಅಕ್ಷರ ಅಕ್ಷರ ಕೂಡಿಸಿ ಜೋರಾಗಿ ಓದಿದೆ. ಹೊತ್ತೇರುವ ಮೊದಲೇ ಹೊರಟು ಎಂಟೂವರೆಯೊಳಗೆ ಇಳಿದುಬಿಡಬೇಕು. ಬಾಯಾರುವ ಮೊದಲೇ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಬೇಕು. ನೀರಿಗೆ ಉಪ್ಪು, ಸಕ್ಕರೆ, ನಿಂಬೆಹಣ್ಣು. ಕುತ್ತಿಗೆಗೆ ಒದ್ದೆ ಬಟ್ಟೆ. ತಲೆ ಸುತ್ತಿದರೆ ಇಳಿದು ನೆರಳು ಸೇರಬೇಕು. ಮೈ ಸುಡುತ್ತಾ ಬೆವರು ನಿಂತರೆ ಪ್ರಾಣಾಪಾಯ.

"ಬಾಯಾರಾಕೆ ಮುಂಚೆ ನೀರು ಕುಡೀಬೇಕಂತೆ! ಹಸಿಯಾಕೆ ಮುಂಚೆ ಉಣ್ಣು ಅಂತ ಬರೀಲಿಲ್ವೇನೆ ನಿಮ್ಮ ಮೇಷ್ಟ್ರು?" ಅಂದೆ. ಮಂಜುಳ ನಕ್ಕಳು.

"ಅವ್ರು ಓದಿ ಬರ್ದಿರ್ತಾರೆ," ಎಂದು ಒಲೆಯ ಮುಂದಿನಿಂದ ನನ್ನ ಹೆಂಡತಿ ಈರಕ್ಕ ಹೇಳಿದಳು. "ನೀವೇನು ಓದಿದೀರಿ? ಕುರಿ ಮುಖ ಓದಿದೀರಿ."

"ಕುರಿ ಮುಖ ಓದಿಯೇ ಹೊಸದುರ್ಗದ ತನಕ ನೀರಿಲ್ದೆ ಹೋಗಿದ್ದು ನಾನು," ಅಂದೆ. ಆ ಮಾತು ಅಲ್ಲಿಗೇ ನಿಂತಿದ್ದರೆ ಸರಿಯಿತ್ತು. ಆದರೆ ಮಂಜುಳ ಆ ಹಾಳೆಯನ್ನು ಮಡಚಿ ಗೂಡಿನಲ್ಲಿಟ್ಟು, ಮಾರನೆಯ ದಿನದಿಂದ ಎರಡು ಬಾಟಲಿಯ ಬದಲು ಒಂದೇ ಬಾಟಲಿ ಒಯ್ದಳು. ಆಮೇಲೆ ಅರ್ಧ. ವಾಪಸ್ ಬಂದು, ಉಳಿದ ನೀರನ್ನು ನನಗೆ ಅಲ್ಲಾಡಿಸಿ ತೋರಿಸುತ್ತಿದ್ದಳು. ನಾನು ಬೆನ್ನು ತಟ್ಟುತ್ತಿದ್ದೆ. ಟೀ ಹೋಟೆಲಿಗೆ ಹೋಗಿ, ನಮ್ಮ ರಕ್ತ ಕಣ್ರಪ್ಪ ಅದು, ಅನ್ನುತ್ತಿದ್ದೆ.

ಆ ದಿನ ಹೊರಡುವಾಗಲೇ ಸೈಕಲ್ ಪಂಕ್ಚರ್ ಆಗಿತ್ತು. ಹೈವೇ ಪಕ್ಕದ ಅಂಗಡಿಯಲ್ಲಿ ಹಾಕಿಸಿಕೊಂಡು ಬರುವಷ್ಟರಲ್ಲಿ ಒಂಬತ್ತಾಯಿತು. "ಇವತ್ತು ಬ್ಯಾಡ ಬಿಡೆ, ನಾಳೆ ಹೋಗೀಯಂತೆ," ಎಂದಳು ಈರಕ್ಕ. "ನನ್ನ ಮೊಮ್ಮಗಳು ಬಿಸಿಲಿಗೆ ಹೆದರ್ತಾಳಾ?" ಅಂದವನು ನಾನು. ಮಂಜುಳ ತುಂಬಿದ ಬಾಟಲಿಯನ್ನು ಕಟ್ಟೆಯ ಮೇಲೆ ಬೇಕೆಂದೇ ಇಟ್ಟು, "ತಾತ, ಇವತ್ತು ನಿನ್ನಂಗೇ," ಎಂದು ಪೆಡಲ್ ತುಳಿದಳು. ನನಗೆ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಬರುವ ಹಾಗಾಯಿತು. ಬಾಟಲಿಯ ನೀರನ್ನು ಕರಿಬೇವಿನ ಗಿಡಕ್ಕೆ ಹೊಯ್ದು ಕುರಿ ಬಿಟ್ಟುಕೊಂಡು ಹೊರಟೆ. ಆ ಗಿಡದ ಎಲೆಯನ್ನು ಇವತ್ತಿಗೂ ನಾನು ಸಾರಿನಿಂದ ತೆಗೆದಿಡುತ್ತೇನೆ. ಬಾಯಿಗೆ ಇಡಲಾಗುವುದಿಲ್ಲ.

ಹತ್ತೂವರೆಗೆ ಇಳಿಯಬೇಕಾದವಳು ಇಳಿಯಲಿಲ್ಲ. ತಿರುವಿನಲ್ಲಿ ಧೂಳೂ ಏಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಗಾಳಿಯಂತ್ರದ ಕಾವಲುಗಾರ ತಿಪ್ಪೇಸ್ವಾಮಿ ಮೇಲಿನಿಂದ ಕೆಂಪು ಟವಲ್ ಬೀಸುತ್ತಾ ಕೂಗುವುದು ಕಾಣಿಸಿತು. ಮಾತು ಕೇಳಿಸಲಿಲ್ಲ. ಕೇಳಿಸುವುದೇನಿತ್ತು? ನಾನು ಗುಡ್ಡ ಹತ್ತಿದೆ. ಹೇಗೆ ಹತ್ತಿದೆನೋ ಗೊತ್ತಿಲ್ಲ. ಕುರಿಗಳೆಲ್ಲ ಬುಡದಲ್ಲೇ ಉಳಿದವು, ಮಂದೆಯ ಒಂದೇ ಒಂದು ಆಡು ಮಾತ್ರ ನನ್ನ ಹಿಂದೆಯೇ ಬಂತು.

ಮಂಜುಳಳನ್ನು ತಿಪ್ಪೇಸ್ವಾಮಿ ಗಾಳಿಯಂತ್ರದ ಕಂಬದ ನೆರಳಿಗೆ ಎಳೆದು ಮಲಗಿಸಿದ್ದ. ಅಷ್ಟು ದೊಡ್ಡ ಗುಡ್ಡದಲ್ಲಿ ನೆರಳೆಂದರೆ ಅದೊಂದೇ, ಎರಡು ಚಾಪೆ ಅಗಲದ್ದು. ಅದೂ ಒಂದು ಕಡೆ ನಿಲ್ಲುವುದಿಲ್ಲ, ಸರಿಯುತ್ತಲೇ ಇರುತ್ತದೆ. ನಾವು ಅವಳನ್ನೂ ಸರಿಸುತ್ತಲೇ ಇದ್ದೆವು. ಮುಖ ಕೆಂಡ. ಮೈ ಮುಟ್ಟಿದರೆ ಒಲೆಯಿಂದ ಇಳಿಸಿದ ಪಾತ್ರೆ. ಬೆವರು ಒಂದು ಹನಿ ಇಲ್ಲ. ಹಾಳೆಯಲ್ಲಿದ್ದ ಕೊನೆಯ ಸಾಲು ನನ್ನ ಕಣ್ಣ ಮುಂದೆ ಅಕ್ಷರ ಅಕ್ಷರವಾಗಿ ಬಂದು ನಿಂತಿತು, ನಾನು ಓದಿದ ಹಾಗೆಯೇ. ಮೇಲೆ ತಿರುಗುವ ರೆಕ್ಕೆಯ ನೆರಳು ಅವಳ ಮುಖದ ಮೇಲೆ ಹಾದಾಗಲೆಲ್ಲ ಕಣ್ಣು ಮುಚ್ಚಿಬಿಟ್ಟಳೋ ಎಂದು ಬಗ್ಗಿ ಉಸಿರು ನೋಡುತ್ತಿದ್ದೆ.

ನಾನು ತಿಪ್ಪೇಸ್ವಾಮಿಯ ನೀರಿನ ಕ್ಯಾನನ್ನು ಕಿತ್ತುಕೊಂಡು ಅವಳ ಬಾಯಿಗೆ ಹೊಯ್ಯಲು ಹೋದೆ. ಅವನು ನನ್ನ ಕೈ ಹಿಡಿದ. "ಬ್ಯಾಡ ಅಜ್ಜಾ, ಎಚ್ರ ಸರಿಯಾಗಿಲ್ಲ, ಉಸಿರಿಗೆ ಹೋದಾತು. ಮೊದ್ಲು ಮೈ ಮ್ಯಾಲೆ ಹೊಯ್ರಿ. ಜೀಪಿಗೆ ಹೇಳೀನಿ, ಬರ್ತೈತೆ." ತಲೆ, ಕತ್ತು, ಕಂಕುಳು, ಎಲ್ಲ ಕಡೆ ಸುರಿದೆವು. ನಾನು ಪಂಚೆ ಬಿಚ್ಚಿ ಬೀಸಿದೆ. ಚಡ್ಡಿಯಲ್ಲಿ ನಿಂತು ಬೀಸುತ್ತಿರುವ ಮುದುಕನನ್ನು ಆ ಆಡು ಒಂದೇ ಸಮನೆ ನೋಡುತ್ತಿತ್ತು.

ಒಂದಿಷ್ಟು ಹೊತ್ತಿನ ಮೇಲೆ ಮಂಜುಳ ಕಣ್ಣು ಬಿಟ್ಟಳು. "ಯಾರು?" ಅಂದಳು.

"ನಾನು ಕಣವ್ವಾ, ತಾತ. ಈಗೊಂದು ಗುಟುಕು ನೀರು ಕುಡಿ."

ಅವಳು ಹಲ್ಲು ಕಚ್ಚಿಕೊಂಡಳು. ಆಮೇಲೆ, "ಕುರಿ ಕುಡುದ್ವಾ?" ಅಂದಳು.

"ಕುಡುದ್ವು ಕಣವ್ವಾ, ಎಲ್ಲಾ ಕುಡುದ್ವು, ನೀನು ಕುಡಿ."

"ಇಲ್ಲ. ನೀನು ಕುಡೀಲಿಲ್ಲ... ನಾನೂ ಕುಡಿಯಲ್ಲ."

ಐವತ್ತು ವರ್ಷ ನೀರೆರೆದು ಬೆಳೆಸಿದ ಸುಳ್ಳು ನನ್ನ ಮೊಮ್ಮಗಳ ಹಲ್ಲಿನ ನಡುವೆ ಬಂದು ಕುಳಿತಿತ್ತು. ನಾನು ಅಲ್ಲೇ ಕೂಗಿಬಿಟ್ಟೆ. "ಕುಡುದಿದ್ದೆ ಕಣೇ! ಅಪ್ಪ ಮುಂದೆ ಹೋದ ತಕ್ಷಣ ಆಡಿನ ಕೆಚ್ಚಲಿಗೆ ಬಾಯಿ ಹಾಕಿ ಕುಡುದಿದ್ದೆ! ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಎರಡು ಸಲ! ಹಾಲು ನೀರಲ್ಲ ಅಂತ ನನಗೆ ನಾನೇ ಹೇಳ್ಕೊಂಡು ಕುಡುದಿದ್ದೆ!"

ನೀರು ಸುರಿಯುತ್ತಿದ್ದ ತಿಪ್ಪೇಸ್ವಾಮಿಯ ಕೈ ನಿಂತಿತು. "ಏನಜ್ಜಾ! ಮತ್ತೆ ನಮಗೆಲ್ಲ ಇಷ್ಟು ವರ್ಸ..."

"ನೀನು ಹೊಯ್ಯಲೇ ಮೊದ್ಲು!"

ಮಂಜುಳ ನನ್ನನ್ನೇ ನೋಡಿದಳು. "ಸುಳ್ಳಾ?"

"ಸುಳ್ಳು ಕಣವ್ವಾ. ಪೂರಾ ಸುಳ್ಳು."

ಅವಳು ಬಾಯಿ ತೆರೆದಳು. ಒಂದು ಗುಟುಕು ಇಳಿಯಿತು. ಎರಡನೆಯದನ್ನು ಕಕ್ಕಿದಳು. ಜೀಪು ಬಂತು.

ಹಿರಿಯೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ್ದು ಒಂದೇ, ಮೈಮೇಲೆ ನೀರು ಹೊಯ್ದವರು ಯಾರೆಂದು. ತಿಪ್ಪೇಸ್ವಾಮಿಯ ಹೆಸರು ಹೇಳಿದೆ. "ಅದರಿಂದ ಇಲ್ಲೀತನಕ ಬಂದಿದಾಳೆ. ಇನ್ನು ಮೂತ್ರ ಬರಬೇಕು. ಬರಲಿಲ್ಲ ಅಂದ್ರೆ ಕಿಡ್ನಿಗೆ ಪೆಟ್ಟಾಗಿದೆ ಅಂತ, ದೊಡ್ಡಾಸ್ಪತ್ರೆಗೇ ಹೋಗಬೇಕು," ಎಂದರು. ಮಗ, ಸೊಸೆ ಚಿಕ್ಕಜಾಜೂರಿನಿಂದ ಓಡಿಬಂದರು. ಮಗ ನನ್ನನ್ನು ದಾಟಿಕೊಂಡು ಸೀದಾ ವಾರ್ಡಿಗೆ ಹೋದ. ಅವನೂ ಅದೇ ಕಥೆ ಕೇಳಿ ಬೆಳೆದವನೇ ತಾನೆ. ಈರಕ್ಕ ಮಾತ್ರ ನನ್ನ ಪಕ್ಕದ ಬೆಂಚಿನಲ್ಲಿ ಕುಳಿತು ಹೇಳಿದಳು. "ನಂಗೆ ಮದ್ವೆ ಆದ ವರ್ಸವೇ ಗೊತ್ತಿತ್ತು. ಕುರಿ ಬಿಟ್ಟು ಬಂದಾಗ ನಿಮ್ಮ ಮೀಸೇಲಿ ಆಡಿನ ಕೂದ್ಲು ಇರ್ತಿತ್ತು. ಗಂಡನ ಮರ್ಯಾದೆ ಅಂತ ಸುಮ್ನಿದ್ದೆ. ಇದ್ರಾಗೆ ಅರ್ಧ ನಂದೂ ಐತೆ." ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಾರನೆಯ ದಿನ ಮಧ್ಯಾಹ್ನದವರೆಗೆ ನಾವು ನಾಲ್ವರೂ ಮೊಮ್ಮಗಳ ಒಂದಕ್ಕಾಗಿ ಕಾದು ಕುಳಿತೆವು. ಮಳೆಗೂ ನಾನು ಹಾಗೆ ಕಾದವನಲ್ಲ. ನರ್ಸಮ್ಮ ಬಂದು, "ಆಯ್ತು ಅಜ್ಜಾ, ಚೆನ್ನಾಗೇ ಆಯ್ತು," ಅಂದಾಗ ಅವರ ಕಾಲಿಗೆ ಬೀಳಲು ಹೋದೆ. ಓಡಿಹೋಗಿ ಎದುರಿನ ಅಂಗಡಿಯಿಂದ ಪೇಡ ತಂದು ವಾರ್ಡಿಗೆಲ್ಲ ಹಂಚಿದೆ. ಕಾಲು ಮುರಿದುಕೊಂಡಿದ್ದ ಒಬ್ಬ, "ಏನಜ್ಜಾ, ಮೊಮ್ಮಗ ಹುಟ್ಟಿದ್ನಾ?" ಎಂದ. "ಇಲ್ಲ ಕಣಪ್ಪಾ, ಮೊಮ್ಮಗಳು ಒಂದಕ್ಕೆ ಹೋದ್ಲು," ಅಂದೆ. ಅವನ ಕೈ ಬಾಯಿಯ ಹತ್ತಿರ ನಿಂತಿತು. ಆಮೇಲೆ ನನ್ನ ಮುಖ ನೋಡಿದ. ತಿಂದ.

ಮುಂದಿನ ವರ್ಷ ಮಂಜುಳ ಪಂದ್ಯಕ್ಕೆ ಹೋದಳು. ಸೈಕಲ್ಲಿಗೆ ಎರಡು ಬಾಟಲಿ, ಬೆನ್ನಿಗೆ ಕೊಳವೆಯ ನೀರಿನ ಚೀಲ, ಕುತ್ತಿಗೆಗೆ ಒದ್ದೆ ಬಟ್ಟೆ. ಏಳನೆಯವಳಾಗಿ ಬಂದಳು. ಟೀ ಹೋಟೆಲಿನಲ್ಲಿ ನನ್ನ ಬಾಯಲ್ಲಿ ಅದು ಈಗಾಗಲೇ ಮೂರನೆಯದಾಗಿದೆ. ಮೇಷ್ಟ್ರ ಹಾಳೆಯನ್ನು ಅವಳು ದಪ್ಪ ಅಕ್ಷರದಲ್ಲಿ ಬರೆದು ನನ್ನ ಕಂಬಳಿಯ ಗೂಟದ ಪಕ್ಕ ಅಂಟಿಸಿದ್ದಾಳೆ. ಕುರಿ ಕಾಯಲು ಹೊರಟಾಗ ನನ್ನ ಹೆಗಲಿಗೂ ಒಂದು ಬಾಟಲಿ ನೇತು ಹಾಕುತ್ತಾಳೆ, ಸಂಜೆ ತಲೆಕೆಳಗು ಮಾಡಿ ನೋಡುತ್ತಾಳೆ. ಕರಿಬೇವಿನ ಬುಡವನ್ನೂ ಮುಟ್ಟಿ ನೋಡುತ್ತಾಳೆ, ಒದ್ದೆಯಾಗಿದೆಯೋ ಎಂದು.

ಹಳೆಯ ಕಥೆಯನ್ನು ನಾನು ಹೇಳುವುದಿಲ್ಲ. ಈಗ ಹೇಳುವುದು ಮೊಮ್ಮಗಳನ್ನು ಉಳಿಸಿದ ಕಥೆ. ಮೊದಮೊದಲು ಅದರಲ್ಲಿ ತಿಪ್ಪೇಸ್ವಾಮಿ ಇದ್ದ. ಬರಬರುತ್ತಾ ಅವನ ಕ್ಯಾನು ಸಣ್ಣದಾಗಿ, ನನ್ನ ಪಂಚೆ ದೊಡ್ಡದಾಗಿದೆ. ಹೋಟೆಲಿನ ಬೆಂಚಿನಲ್ಲಿ ನಾನು ರಂಗೇರಿ ಗುಡ್ಡದ ಅರ್ಧ ಹತ್ತುತ್ತಿದ್ದ ಹಾಗೆ, ಪಕ್ಕದಲ್ಲಿ ಕುಳಿತ ಮಂಜುಳ ಬಾಟಲಿ ಮುಂದೆ ಚಾಚುತ್ತಾಳೆ. "ತಾತ, ಬಾಯಾರಾಕೆ ಮುಂಚೆ." ಅವಳ ಕೈಯಿಂದ ಬಂದದ್ದನ್ನು ಬೇಡ ಎನ್ನುವ ಯೋಗ್ಯತೆ ನನಗಿಲ್ಲ, ಪೂರ್ತಿ ಕುಡಿಯುತ್ತೇನೆ. ನನ್ನ ವಯಸ್ಸಿಗೆ ಅಷ್ಟು ನೀರು ಒಳಗೆ ನಿಲ್ಲುವುದಿಲ್ಲ, ಕಥೆಯನ್ನು ಅರ್ಧಕ್ಕೆ ಬಿಟ್ಟು ಎದ್ದು ಹಿತ್ತಲಿಗೆ ಓಡಬೇಕಾಗುತ್ತದೆ. ವಾಪಸ್ ಬರುವಷ್ಟರಲ್ಲಿ ಬೆಂಚಿನ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿರುತ್ತಾರೆ. ಉಳಿದರ್ಧವನ್ನು ಅವಳು ಹೇಳಿ ಮುಗಿಸಿರುತ್ತಾಳೆ, ಆಡಿನ ಸಮೇತ.